ಒಂಟೆಯಜ್ಜನ ಮೂಗು

ಫೆಬ್ರವರಿ ೮, ಭಾನುವಾರ

ನಾಡಿದ್ದು ಆಪರೇಷನ್. ದಿನಚರಿ ಬರೆಯುವ ಅಭ್ಯಾಸ ನನಗಿಲ್ಲ. ಆದರೆ ಬಾಯಿಬಿಟ್ಟರೆ ಹೆಂಡತಿ ಬೈಯುತ್ತಾಳೆ, ಅದಕ್ಕೇ ಇಲ್ಲಿ ಕಕ್ಕುತ್ತಿದ್ದೇನೆ. "ಹೆದರಿಕೆ ಅಂತ ಇನ್ನೊಂದು ಸಲ ಅಂದ್ರೆ ನಾನೇ ಮೂಗು ಕುಯ್ದುಬಿಡ್ತೀನಿ" ಎಂದು ಬೆಳಿಗ್ಗೆ ಗದರಿದಳು.

ಆಪರೇಷನ್ ಕೆಟ್ಟರೆ ಎಂಬ ಹೆದರಿಕೆ ಎಲ್ಲರಿಗೂ ಇರುತ್ತದೆ. ನನ್ನದು ಅದಲ್ಲ. ಅದು ಚೆನ್ನಾಗಿ ಆಗಿಬಿಟ್ಟರೆ ನನ್ನ ಗತಿಯೇನು?

ನಾನು ರೇಡಿಯೋದಲ್ಲಿ ಒಂಟೆ. ಭಾನುವಾರ ಬೆಳಗಿನ ಮಕ್ಕಳ ಕಾರ್ಯಕ್ರಮದ ಒಂಟೆಯಜ್ಜ ನಾನೇ. ನನ್ನ ಮೂಗಿನ ನಡುಗೋಡೆ ಸೊಟ್ಟ, ಅದು ಸಾಲದೆಂದು ಒಳಗೆ ದುರ್ಮಾಂಸ ಬೆಳೆದು ದಾರಿಯೇ ಮುಚ್ಚಿದೆ. 'ಮ' ಅಂದರೆ 'ಬ' ಬರುತ್ತದೆ, 'ನ' ಅಂದರೆ 'ದ'. ಹಿಂದೊಮ್ಮೆ ಆ ಪಾತ್ರದವರು ಬಾರದಿದ್ದ ದಿನ ನನ್ನನ್ನು ಮೈಕಿನ ಮುಂದೆ ಕೂರಿಸಿದ್ದರು. "ಬಕ್ಕಳೇ, ದಾದು ಒಟ್ಟೆಯಜ್ಜ" ಅಂದೆ. ಗಾಜಿನ ಆಚೆ ಇದ್ದವರೆಲ್ಲ ಬಿದ್ದುಬಿದ್ದು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ, ನನಗೆ ಬರುವುದೇ ಹಾಗೆ. ಆಗ ಕೂತ ಕುರ್ಚಿಯಿಂದ ಇಂದಿಗೂ ಎದ್ದಿಲ್ಲ.

ಇನ್ನೊಂದು ವಿಶೇಷವಿದೆ. ಮಾತಿನ ನಡುವೆ ಒಂಟೆಯಜ್ಜ ಗಕ್ಕನೆ ನಿಲ್ಲುತ್ತಾನೆ. "ಬರಳುಗಾಡಿಗೆ ಹೋದೆ ಬಕ್ಕಳೇ, ಅಲ್ಲಿ ದೋಡಿದರೆ..." ಎಂದು ಮೌನ. ಆಮೇಲೆ ಸರ್ರನೆ ಎಳೆದ ಒಂದು ಉಸಿರು, "...ಬರಳೇ ಇಲ್ಲ!" ಮಕ್ಕಳು ನಗಲು ಶುರುಮಾಡುವುದು ಆ ಮೌನದಲ್ಲೇ. ನಮ್ಮ ಪ್ರೊಡ್ಯೂಸರ್ ಮೇಡಂ ಅದಕ್ಕೆ 'ಅಜ್ಜನ ಬ್ರೇಕು' ಎಂದು ಹೆಸರಿಟ್ಟಿದ್ದಾರೆ. ಅದೇ ನನ್ನ ಕಲೆ. ಅದನ್ನು ಇನ್ನೊಬ್ಬರಿಗೆ ಕಲಿಸಲು ಆಗುವುದಿಲ್ಲ. ಹಾಗೆಂದು ನಾನು ನನ್ನ ಕಾರ್ಯಕ್ರಮ ಕೇಳುವವನಲ್ಲ. ನನ್ನ ದನಿ ಕಿವಿಗೆ ಬಿದ್ದರೆ ಮೈ ಮುದುಡುತ್ತದೆ.

"ಉಸಿರಾಟ ಸರಾಗ ಆಗುತ್ತೆ, ವಾಸನೆನೂ ತಿಳಿಯಬಹುದು. ಸ್ವರ ಸ್ವಲ್ಪ ಬದಲಾಗುತ್ತೆ" ಅಂದರು ಡಾಕ್ಟರಮ್ಮ. ಸ್ವಲ್ಪ ಅಂದರೆ ಎಷ್ಟು? ನಕ್ಕು ಆಪರೇಷನ್ನಿನ ತಾರೀಖು ಬರೆದುಕೊಟ್ಟರು. ವಾಸನೆ ಕಟ್ಟಿಕೊಂಡು ನನಗೇನಾಗಬೇಕು? ಹಾಲು ಸೀದರೂ ಗೊತ್ತಾಗದೆ ಇಷ್ಟು ಕಾಲ ಬದುಕಿಲ್ಲವೇ?

ಒಪ್ಪಿದ್ದು ಹೆಂಡತಿಗಾಗಿ. ನನ್ನ ಗೊರಕೆಯಲ್ಲಿ ಅವಳಿಗೆ ನಿದ್ದೆಯಿಲ್ಲ. ಅವಳು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗೆ ಅಕ್ಷರದ ಬೋರ್ಡು ತೋರಿಸುತ್ತಾ ನಿಂತಲ್ಲೇ ತೂಕಡಿಸುತ್ತಾಳಂತೆ. ಅಂಗಡಿಯ ಯಜಮಾನರು ನನ್ನನ್ನು ಕರೆದು ಹೇಳಿದಾಗ ಮುಖ ಎಲ್ಲಿಡಲಿ ಎನ್ನಿಸಿತು.

ಫೆಬ್ರವರಿ ೧೧, ಬುಧವಾರ

ಆಯಿತು. ಮೂಗಿನ ಕೆಳಗೆ ಹತ್ತಿಯ ಮೀಸೆ. ಬಾಯಲ್ಲೇ ಉಸಿರು. ತುಟಿ ಒಡೆದಿದೆ. ಗಂಟಲಲ್ಲಿ ರಕ್ತದ ರುಚಿ. ಮಾತಾಡಿದರೆ ನೋವು, ಹಾಗಾಗಿ ದನಿ ಹೇಗಿದೆಯೋ ಗೊತ್ತಿಲ್ಲ.

ಫೆಬ್ರವರಿ ೧೩, ಶುಕ್ರವಾರ

ಮನೆಗೆ ಬಂದೆ. ಹತ್ತಿ ತೆಗೆದಿದ್ದಾರೆ. ಈಗ ಬರೀ ಕಟ್ಟಳೆ. ಸೀನುವಾಗ ಬಾಯಿ ತೆರೆಯಬೇಕು. ಮೂಗು ಸೀಟಬಾರದು, ಬಗ್ಗಬಾರದು, ಭಾರ ಎತ್ತಬಾರದು. ತಲೆ ಎತ್ತರದಲ್ಲಿಟ್ಟು ಮಲಗಬೇಕು. ಎಲ್ಲಕ್ಕಿಂತ ಮುಖ್ಯ, ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಹಿಂಡುವ ಬಾಟಲಿಯಿಂದ ಒಂದು ಹೊಳ್ಳೆಗೆ ಬಿಟ್ಟರೆ ಇನ್ನೊಂದರಿಂದ ಹೊರಗೆ ಬರುತ್ತದೆ. ಮೊದಲ ಸಲ ಮುಳುಗಿ ಸತ್ತೇ ಹೋದೆ ಅಂದುಕೊಂಡೆ.

"ಇದನ್ನ ಮಾತ್ರ ತಪ್ಪಿಸಬೇಡಿ" ಎಂದು ಡಾಕ್ಟರಮ್ಮ ನನ್ನನ್ನು ಬಿಟ್ಟು ಹೆಂಡತಿಯ ಮುಖ ನೋಡಿ ಹೇಳಿದರು. "ಒಳಗೆ ಎದುರುಬದುರು ಎರಡು ಕಡೆ ಹಸಿಗಾಯ ಇದೆ. ಒಣಗೋಕೆ ಬಿಟ್ರೆ ಪೊರೆಯಂತೆ ಹಕ್ಕು ಕಟ್ಟುತ್ತೆ. ಹಕ್ಕು ಕಟ್ಟಿದ್ರೆ ಎರಡೂ ಒಂದಕ್ಕೊಂದು ಅಂಟಿಕೊಂಡು ಮಾಯುತ್ತೆ. ಆಮೇಲೆ ದಾರಿ ಮತ್ತೆ ಬಂದ್. ಒದ್ದೆಯಾಗಿದ್ರೆ ತಂತಮ್ಮ ಪಾಡಿಗೆ ಹೊಸ ಚರ್ಮ ಬರುತ್ತೆ."

ಅವಳು ಪರೀಕ್ಷೆಗೆ ಓದುವವಳ ಹಾಗೆ ತಲೆಯಾಡಿಸಿದಳು. ಮನೆಗೆ ಬಂದವಳೇ ನೀರು ಕುದಿಸಿ, ಆರಿಸಿ, ಪುಡಿ ಕದಡಿ, ಮೊಣಕೈಗೆ ಹನಿಸಿಕೊಂಡು ಬಿಸಿ ನೋಡಿ ಬಾಟಲಿ ತುಂಬಿ ಕೊಟ್ಟಳು. "ಒಟ್ಟೆಯಜ್ಜ, ಸ್ದಾದಕ್ಕೆ ಬದ್ದಿ" ಎಂದು ನನ್ನ ದನಿಯಲ್ಲೇ ಕರೆದಳು. ಈ ಅಣಕ ಮನೆಯಲ್ಲಿ ಮೊದಲಿನಿಂದಲೂ ಇದೆ. ನಗು ಬಂತು, ನಕ್ಕರೆ ನೋಯುತ್ತದೆಂದು ಅವಳ ಮೇಲೇ ರೇಗಿದೆ.

ಫೆಬ್ರವರಿ ೧೭, ಮಂಗಳವಾರ

ಡಾಕ್ಟರಮ್ಮ ಮೂಗಿನೊಳಗೆ ಕ್ಯಾಮೆರಾ ತೂರಿಸಿ ಕಸವನ್ನೆಲ್ಲ ಹೀರಿ ತೆಗೆದರು. ಕಣ್ಣಲ್ಲಿ ನೀರು ಬುಳಬುಳನೆ ಬಂತು. ಅವರ ಕೈಯಿಂದ ಸ್ಪಿರಿಟ್ಟಿನ ಘಾಟು ಬೇರೆ. "ತುಂಬಾ ಚೆನ್ನಾಗಿ ಮಾಯ್ತಾ ಇದೆ. ಎಲ್ಲಿ, ಏನಾದ್ರೂ ಮಾತಾಡಿ" ಅಂದರು.

"ನಾನು ಏನು ಮಾತಾಡಲಿ?" ಅಂದೆ.

ಅಂದವನು ಬಾಗಿಲ ಕಡೆ ತಿರುಗಿ ನೋಡಿದೆ, ಯಾರೋ ಒಳಗೆ ಬಂದರೆಂದು. ನಾನು. 'ದಾದು' ಅಲ್ಲ, ನಾನು. ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಕೂಗುವವನ ಹಾಗೆ ಖಣಖಣ ಎನ್ನುವ ಒಂದು ದನಿ. ಹೆಂಡತಿ ಮೂಗಿನ ಮೇಲೆ ಬೆರಳಿಟ್ಟುಕೊಂಡು ನಿಂತಳು. ಆಮೇಲೆ ಅವಳ ಕಣ್ಣು ತುಂಬಿತು. ಸಂತೋಷಕ್ಕೆ. ನನಗೆ ಒಂಟೆಯದೇ ಚಿಂತೆ.

ದಾರಿಯುದ್ದಕ್ಕೂ ತುಟಿಯೊಳಗೇ "ಮಕ್ಕಳೇ, ಮಕ್ಕಳೇ" ಅಂದುಕೊಂಡೆ. ಒಮ್ಮೆಯೂ ಬಕ್ಕಳು ಬರಲಿಲ್ಲ. ಮೇಡಂ ಫೋನು ಬಂದಿತ್ತು. ಮಾರ್ಚ್ ನಡುವಿಗೆ ಹೊಸ ರೆಕಾರ್ಡಿಂಗ್, ಅಲ್ಲಿಯ ತನಕ ಹಳೆಯದನ್ನೇ ಹಾಕುತ್ತಾರಂತೆ. "ಒಂಟೆ ಸಿದ್ಧವಾಗಿದೆಯಾ?" ಎಂದು ಕೇಳಿದರು. ನಾನು ಕೆಮ್ಮಿದೆ.

ಫೆಬ್ರವರಿ ೧೯, ಗುರುವಾರ

ಒಂದು ಯೋಚನೆ ತಲೆಗೆ ಹೊಕ್ಕಿದೆ. ತಪ್ಪೆಂದು ಗೊತ್ತು. ಡಾಕ್ಟರಮ್ಮ ಏನು ಮಾಡಿದರೆ ದಾರಿ ಮುಚ್ಚುತ್ತದೆ ಎಂದು ಬಿಡಿಸಿ ಹೇಳಿದ್ದಾರಲ್ಲ. ಪೂರ್ತಿ ಮುಚ್ಚುವುದು ಬೇಡ. ಸ್ವಲ್ಪ. ಒಂಟೆ ಬಂದುಹೋಗುವಷ್ಟು.

ಇನ್ನು ಬಚ್ಚಲಲ್ಲೇ ತೊಳೆದುಕೊಳ್ಳುತ್ತೇನೆ, ನೀನು ನೋಡುತ್ತಾ ನಿಂತರೆ ನಾಚಿಕೆ ಎಂದೆ. "ಅಯ್ಯೋ, ಮದುವೆ ಗಂಡು" ಎಂದು ಬಾಟಲಿ ಕೈಗಿತ್ತು ಹೋದಳು. ಚಿಲಕ ಹಾಕಿಕೊಂಡು ನಲ್ಲಿ ಬಿಟ್ಟು, ಬೇಕೆಂದೇ ಒಂದೆರಡು ಸಲ ಕ್ಯಾಕರಿಸಿದೆ. ಅಷ್ಟು ಜತನದಿಂದ ಕುದಿಸಿ ಆರಿಸಿದ ನೀರನ್ನು ಚರಂಡಿಗೆ ಚೆಲ್ಲಲು ಮನಸ್ಸು ಬರಲಿಲ್ಲ. ಕಿಟಕಿಯಲ್ಲಿ ಅವಳ ಮನಿಪ್ಲಾಂಟ್ ಇದೆ, ಅದಾದರೂ ಕುಡಿಯಲಿ ಎಂದು ಹೊಯ್ದೆ.

ಫೆಬ್ರವರಿ ೨೩, ಸೋಮವಾರ

ಬಂತು! ಬೆಳಿಗ್ಗೆ ಎದ್ದು ಕನ್ನಡಿಯ ಮುಂದೆ "ಬಕ್ಕಳೇ" ಅಂದೆ, ಹಾಗೇ ಬಂತು. ಬಲಗಡೆ ಪೂರ್ತಿ ಬಿಗಿದಿದೆ. ಹೆಂಡತಿ ಏನಿದು ಎಂದು ಗಾಬರಿಬಿದ್ದಳು. ಗಾಯ ಮಾಯುವಾಗ ಬಾವು ಇರುತ್ತದೆ ಎಂದು ನಾನೇ ಡಾಕ್ಟರನ ಹಾಗೆ ಹೇಳಿದೆ. ಅವಳು ನೀರು ಕೊಡುವುದನ್ನು ಇನ್ನೊಂದು ಹೊತ್ತು ಹೆಚ್ಚಿಸಿದ್ದಾಳೆ.

ಮನಿಪ್ಲಾಂಟಿನ ಎಲೆಗಳು ಹಳದಿಯಾಗಿವೆ. ಬಿಸಿಲು ಸಾಲದೇನೋ ಎಂದು ಅವಳು ಕುಂಡವನ್ನು ತಿರುಗಿಸಿಟ್ಟಳು. ನಾನು ಹೂಂ ಅಂದೆ.

ಫೆಬ್ರವರಿ ೨೬, ಗುರುವಾರ

ತಲೆ ಸಿಡಿಯುತ್ತಿದೆ. ಕಣ್ಣಿನ ಕೆಳಗೆ ಸುತ್ತಿಗೆಯಲ್ಲಿ ಬಡಿದಂತೆ. ಏನೂ ರುಚಿಯಿಲ್ಲ. ಅವಳ ಕಣ್ಣು ಕೆಂಡದಂತಾಗಿದೆ. ಗೊರಕೆ ಮತ್ತೆ ಶುರುವಾಗಿರಬೇಕು. ಹಾಲ್‌ನಲ್ಲಿ ಹೋಗಿ ಮಲಗು ಎಂದರೆ ಕೇಳುವುದಿಲ್ಲ, ಹಠಮಾರಿ. ನಾಳೆ ಡಾಕ್ಟರಮ್ಮನ ಮುಂದೆ ಏನು ಹೇಳಲಿ ಎಂದು ಅದೇ ಚಿಂತೆ.

ಫೆಬ್ರವರಿ ೨೭, ಶುಕ್ರವಾರ

ಡಾಕ್ಟರಮ್ಮ ಒಳಗೆ ನೋಡಿದವರು ಕ್ಯಾಮೆರಾ ತೆಗೆದು ಮತ್ತೆ ತೂರಿಸಿ ನೋಡಿದರು. ಅಂಟಿಕೊಳ್ಳಲು ಶುರುವಾಗಿದೆಯಂತೆ. ಕೀವೂ ಇದೆ.

"ನೀರು ಹಾಕ್ತಿದ್ದೀರಾ?"

"ಹೂಂ."

"ದಿನಾ ನಾನೇ ಮಾಡಿಕೊಡ್ತೀನಿ ಡಾಕ್ಟ್ರೇ" ಅಂದಳು ಹೆಂಡತಿ. "ಕುದಿಸಿ ಆರಿಸಿಯೇ ಕೊಡೋದು. ನನ್ನಿಂದ ಏನಾದ್ರೂ ತಪ್ಪಾಯ್ತಾ? ಉಪ್ಪು ಕಮ್ಮಿಯಾಯ್ತಾ?"

ಆಗಲಾದರೂ ಬಾಯಿಬಿಡಬೇಕಿತ್ತು. ಬಿಡಲಿಲ್ಲ.

ಅಂಟಿದ್ದನ್ನು ಬಿಡಿಸಿದರು. ಮರಗಟ್ಟಿಸುವ ಮದ್ದು ಹಾಕಿದ್ದರೂ ಜೀವ ಬಾಯಿಗೆ ಬಂತು. ಎರಡು ಗಾಯಗಳ ನಡುವೆ ತೆಳ್ಳಗಿನ, ಬಾಗುವ ಒಂದು ಹಾಳೆಯಿಟ್ಟರು. ಅವು ತಾವಾಗಿ ಮಾಯುವ ತನಕ ಒಂದನ್ನೊಂದು ಮುಟ್ಟದಿರಲೆಂದು. "ಇನ್ನೊಂದು ಸಲ ಹೀಗಾದ್ರೆ ಮತ್ತೆ ಆಪರೇಷನ್ನೇ" ಅಂದರು. ಹೆಂಡತಿ ದಾರಿಯಲ್ಲಿ ಔಷಧಿ ಅಂಗಡಿಗೆ ಹೋಗಿ ಬೇರೆ ಉಪ್ಪುಪುಡಿ ಕೊಂಡಳು. ಹಳೆಯದು ಕೆಟ್ಟಿತ್ತೇನೋ ಎಂದು.

ಫೆಬ್ರವರಿ ೨೮, ಶನಿವಾರ

ಸಿಕ್ಕಿಬಿದ್ದೆ.

ಬೆಳಿಗ್ಗೆ ಬಚ್ಚಲಿಂದ ಕುಂಡ ಹಿಡಿದುಕೊಂಡು ಬಂದಳು. ಗಿಡ ಪೂರ್ತಿ ಸೊರಗಿ ನೂಲಿನಂತೆ ಜೋತುಬಿದ್ದಿತ್ತು. ಮಣ್ಣಿನ ಮೇಲೆ ಬೆಳ್ಳಗೆ ಹಕ್ಕು ಕಟ್ಟಿತ್ತು. ಅದನ್ನು ಬೆರಳಲ್ಲಿ ಒರೆಸಿ ನಾಲಿಗೆಗೆ ಇಟ್ಟುಕೊಂಡಳು. ನನ್ನ ಮುಖ ನೋಡಿದಳು. ಕೂಗಾಡಿದ್ದರೆ ಚೆನ್ನಾಗಿತ್ತು. ಕುಂಡವನ್ನು ಊಟದ ಮೇಜಿನ ಮೇಲಿಟ್ಟು ಎದುರಿಗೆ ಕೂತಳು.

"ಯಾಕೆ?"

ಹೇಳಿದೆ. ಒಂಟೆ, ಕುರ್ಚಿ, ಖಣಖಣ ದನಿ, ಎಲ್ಲ ಹೇಳಿದೆ. ಹೇಳುವಾಗ ನನಗೇ ಅದು ಚಿಕ್ಕ ಮಕ್ಕಳ ರಗಳೆಯಂತೆ ಕೇಳಿಸಿತು. ಕೊನೆಗೆ, "ನಿನ್ನ ನಿದ್ದೆ ಹಾಳಾಗ್ತಿರೋದು ಗೊತ್ತು ಕಣೇ, ಗೊರಕೆಗೆ ಬೇರೇನಾದ್ರೂ ಮಾಡೋಣ" ಎಂದೆ.

"ಗೊರಕೆ ನಂಗೆ ಕಷ್ಟ ಅಂದ್ಕೊಂಡಿದ್ದೀರಾ?" ಅಂದಳು. "ಗೊರಕೆ ಕೇಳಿಸ್ತಿದ್ರೆ ನಂಗೆ ಸಮಾಧಾನ ರೀ. ಅದು ನಿಂತುಹೋಗುತ್ತಲ್ಲ, ಆವಾಗ. ಗಕ್ ಅಂತ ನಿಲ್ಲುತ್ತೆ. ಉಸಿರೇ ಇರಲ್ಲ. ಮತ್ತೆ ಶುರುವಾಗೋ ತನಕ ನಾನೂ ಉಸಿರು ಬಿಡಲ್ಲ. ತೀರಾ ಹೊತ್ತಾದ್ರೆ ಅಲ್ಲಾಡಿಸ್ತೀನಿ. ನೀವು ಬೈದು ಮಗ್ಗುಲಾಗ್ತೀರ. ಮದುವೆಯಾದ ಹೊಸದ್ರಿಂದ ನಾನು ಮಾಡ್ತಿರೋದು ಇದೇ ಕೆಲಸ."

"ನಂಗೆ ಹೇಳಬಾರದಿತ್ತಾ?"

"ಹೇಳಿದ್ರೆ ನೀವು ಮಲಗ್ತಿದ್ರಾ? ಹೆದರ್ಕೊಂಡು ಗೋಡೆಗೊರಗಿ ಕೂತಿರ್ತಿದ್ರಿ. ನಿಮ್ಮ ಸ್ವಭಾವ ನಂಗೆ ಗೊತ್ತಿಲ್ವಾ? ಒಬ್ಬರಾದ್ರೂ ನಿದ್ದೆ ಮಾಡ್ಲಿ ಅಂತ ಸುಮ್ಮನಿದ್ದೆ." ಎದ್ದು ಹೋಗಿ ನೀರಿಗಿಟ್ಟಳು. ನಾನು ಸತ್ತ ಗಿಡದ ಮುಂದೆ ಕೂತಿದ್ದೆ.

ಬಾಟಲಿ ತಂದುಕೊಟ್ಟಳು. ಅಣಕಿಸಲಿಲ್ಲ. ಅವಳ ಎದುರಿಗೇ ತೊಳೆದುಕೊಂಡೆ.

ಮಾರ್ಚ್ ೨, ಸೋಮವಾರ

ತೊಳೆದೆ. ಅವಳು ಅಗತ್ಯವಿದ್ದಷ್ಟೇ ಮಾತಾಡುತ್ತಾಳೆ. ಹಾಳೆ ಒಳಗೆ ಒತ್ತುತ್ತದೆ.

ಮಾರ್ಚ್ ೭, ಶನಿವಾರ

ಹಾಳೆ ತೆಗೆದರು. ಎರಡೂ ಕಡೆ ಗುಲಾಬಿ ಬಣ್ಣದ ಹೊಸ ಚರ್ಮ ಬಂದಿದೆಯಂತೆ, ಪರದೆಯ ಮೇಲೆ ತೋರಿಸಿದರು. ನನ್ನ ಕಣ್ಣಿಗೆ ಅದು ಏನೋ ಒಂದು ಗುಹೆ. ಅವಳು ಮಾತ್ರ ಬಗ್ಗಿ ಬಗ್ಗಿ ನೋಡಿ, "ಇಲ್ಲಿಂದಾನಾ ಗಾಳಿ ಹೋಗೋದು?" ಎಂದು ಕೇಳಿದಳು. ಇನ್ನೂ ವಾರಗಟ್ಟಲೆ ನೀರು ಹಾಕಬೇಕು.

ವಾಪಸು ಬರುವಾಗ ಹೊಸ ಗಿಡ ಕೊಂಡುಕೊಟ್ಟೆ. ಬೇಡ ಬೇಡ ಎನ್ನುತ್ತಲೇ ಮಡಿಲಲ್ಲಿ ಇಟ್ಟುಕೊಂಡಳು. ಬಸ್ಸಿನ ತುಂಬ ಒದ್ದೆಮಣ್ಣಿನ ವಾಸನೆ, ಪಕ್ಕದವರು ಏನಂದುಕೊಂಡರೋ. ದನಿ ಖಣಖಣ ಎನ್ನುತ್ತಲೇ ಇದೆ. ಶುಕ್ರವಾರ ರೆಕಾರ್ಡಿಂಗ್.

ಮಾರ್ಚ್ ೧೨, ಗುರುವಾರ

ಹೊಳ್ಳೆ ಒತ್ತಿಹಿಡಿದು ಅಭ್ಯಾಸ ಮಾಡಿದೆ. ಒಂಟೆಯೂ ಅಲ್ಲ, ಮನುಷ್ಯನೂ ಅಲ್ಲ. ಅಡುಗೆಮನೆಯಿಂದ ಈರುಳ್ಳಿ ಸೀಯುವ ವಾಸನೆ ಬಂತೆಂದು ಕೂಗಿ ಹೇಳಿದೆ. ಅವಳು ಓಡಿಹೋಗಿ ಒಲೆ ಆರಿಸಿ ಬಂದು, ಬಾಗಿಲಲ್ಲಿ ನಿಂತು ನನ್ನನ್ನೇ ನೋಡತೊಡಗಿದಳು. ನಾಳೆ ನಾನೂ ಬರ್ತೀನಿ, ರಜೆ ಹಾಕಿದ್ದೀನಿ ಅಂದಳು. ನಾಳೆ ಮಾನ ಹೋಗುವುದನ್ನು ಇವಳೂ ನೋಡಬೇಕೇ?

ಮಾರ್ಚ್ ೧೩, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಕುರ್ಚಿಯಲ್ಲಿ ಕೂತೆ. ಮೈಕಿನ ಸ್ಪಂಜಿಗೆ ಎಷ್ಟೋ ಬಾಯಿಗಳ ಮುಗ್ಗುಲು ವಾಸನೆ, ಇಷ್ಟು ಕಾಲ ಇದರ ಮುಂದೆ ಹೇಗೆ ಕೂತಿದ್ದೆನೋ. ಗಾಜಿನ ಆಚೆ ಮೇಡಂ, ಅವರ ಪಕ್ಕದಲ್ಲಿ ರೆಕಾರ್ಡಿಂಗ್ ಮಾಡುವವರು. ಅವರನ್ನು ನಾವೆಲ್ಲ 'ಕಿವಿ' ಎಂದೇ ಕರೆಯುವುದು, ಪುಟ ತಿರುವಿದ ಸದ್ದನ್ನೂ ಬಿಡದ ಮನುಷ್ಯ. ಹಿಂದೆ ಸ್ಟೂಲಿನ ಮೇಲೆ ನನ್ನ ಹೆಂಡತಿ.

ಕೆಂಪು ದೀಪ ಹತ್ತಿತು. "ಮಕ್ಕಳೇ, ನಾನು ಒಂಟೆಯಜ್ಜ" ಅಂದೆ. ವಾರ್ತೆ ಓದಿದ ಹಾಗಾಯಿತು. ಮೂಗು ಒತ್ತಿಹಿಡಿದು ಮತ್ತೆ ಅಂದೆ. ಮೌನ ಬರಬೇಕಾದ ಜಾಗದಲ್ಲಿ ನಿಲ್ಲಿಸಿದೆ. ಎಷ್ಟು ಹೊತ್ತು ನಿಲ್ಲಿಸಬೇಕೆಂದೇ ತಿಳಿಯಲಿಲ್ಲ. ಮುಂಚೆ ಎಂದೂ ಲೆಕ್ಕ ಹಾಕಿದವನಲ್ಲ.

ಕಿವಿಯವರು ಮೆಲ್ಲಗೆ ಅಂದರು: "ಸಾರ್, ಬೇಜಾರಾಗಬೇಡಿ. ಇದು ಒಂಟೆಯಜ್ಜನನ್ನ ಯಾರೋ ಅಣಕಿಸ್ತಿರೋ ಹಾಗಿದೆ."

ಮೇಡಂ ಒಳ್ಳೆಯವರು. "ಹಳೇದನ್ನೇ ಹಾಕ್ತಾ ಹೋಗೋಣ, ಆಮೇಲೆ ಬೇರೆ ಏನಾದ್ರೂ ಯೋಚನೆ ಮಾಡೋಣ" ಅಂದರು. ನನಗೆ ಅರ್ಥವಾಯಿತು. ಮೇಜಿನ ಮೇಲೆ ತಲೆಯಿಟ್ಟೆ. ಅಳು ಬಂತು, ಸುಳ್ಳೇಕೆ ಹೇಳಲಿ. ಮೂಗು ತೆರೆದಿದ್ದರಿಂದ ಅದೂ ಧಾರಾಳವಾಗಿ ಬಂತು.

ಆಗ ನಾನು ಹಾಕಿಕೊಂಡಿದ್ದ ಹೆಡ್‌ಫೋನಿನಲ್ಲಿ ಒಂಟೆಯಜ್ಜನ ದನಿ ಕೇಳಿಸಿತು.

"ಅಳಬೇಡಿ ಒಟ್ಟೆಯಜ್ಜ. ಸೀಟಬಾರದು ಅಂತ ಡಾಕ್ಟರಬ್ಬ ಹೇಳಿಲ್ವಾ? ಕರ್ಚೀಫು ಕೊಡ್ಲಾ?"

ತಲೆಯೆತ್ತಿದೆ. ಹೆಂಡತಿ ಗಾಜಿನ ಆಚೆ ಗುಂಡಿಯೊತ್ತಿಕೊಂಡು ಮೈಕಿನ ಮೇಲೆ ಬಗ್ಗಿದ್ದಳು. ಮನೆಯಲ್ಲಿ ರೇಗಿಸುವ ಹಾಗೆಯೇ. ಆ ಶನಿವಾರದ ನಂತರ ಮೊದಲ ಸಲ. ಕಿವಿಯವರು ಹೆಡ್‌ಫೋನ್ ತೆಗೆದು ಅವಳನ್ನು ನೋಡಿದರು. ಮತ್ತೆ ಹಾಕಿಕೊಂಡರು. "ಅಮ್ಮಾ, ಇನ್ನೊಂದ್ಸಲ ಅನ್ನಿ" ಅಂದರು.

ಅವಳು ಬೇಡವೆಂದು ಎಷ್ಟು ಹೇಳಿದರೂ ಅವರು ಬಿಡಲಿಲ್ಲ. ಕೊನೆಗೆ ನಾನೇ ಹೋಗಿ ಕೈಹಿಡಿದು ಕರೆತಂದು ನನ್ನ ಕುರ್ಚಿಯಲ್ಲಿ ಕೂರಿಸಿದೆ. ಪೂರ್ತಿ ಮನಸ್ಸಿನಿಂದ ಮಾಡಿದೆನೇ? ಇಲ್ಲ. ಹೊಟ್ಟೆಯಲ್ಲಿ ಕಿಚ್ಚಿತ್ತು. ಓದಲಿ, ಬ್ರೇಕಿನಲ್ಲಿ ಎಡವುತ್ತಾಳೆ, ಅದು ಯಾರಿಗೂ ಬರುವುದಿಲ್ಲ ಎಂದುಕೊಂಡು ಗಾಜಿನ ಆಚೆ ಹೋಗಿ ಅವಳ ಸ್ಟೂಲಿನ ಮೇಲೆ ಕೂತೆ.

"ಬರಳುಗಾಡಿಗೆ ಹೋದೆ ಬಕ್ಕಳೇ, ಅಲ್ಲಿ ದೋಡಿದರೆ..."

ನಿಂತಿತು.

ಆ ಮೌನವನ್ನು ನಾನು ಎಂದೂ ಹೊರಗಿನಿಂದ ಕೇಳಿರಲಿಲ್ಲ. ಅದರಲ್ಲಿ ತಮಾಷೆ ಎಲ್ಲಿದೆ? ಯಾರದೋ ಉಸಿರು ನಿಂತಿದೆ. ಇನ್ನು ಬರುವುದಿಲ್ಲವೇನೋ ಎನ್ನುವಷ್ಟು ಹೊತ್ತು ನಿಂತಿದೆ. ಅದು ಎಷ್ಟು ಹೊತ್ತು ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂದು ಅವಳಿಗೆ ಕೂದಲೆಳೆಯಷ್ಟೂ ತಪ್ಪದೆ ಗೊತ್ತು. ಕಲೆಯೆಂದು ನಾನು ಬೀಗುತ್ತಿದ್ದದ್ದು ಇದೇ. ಇದನ್ನೇ ಅವಳು ನನ್ನ ಪಕ್ಕದಲ್ಲಿ ಮಲಗಿ ಕಾಯುತ್ತಿದ್ದದ್ದು. ನಾನು ಸ್ಟೂಲಿನ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

ಸರ್ರನೆ ಉಸಿರೆಳೆದು, "...ಬರಳೇ ಇಲ್ಲ!" ಅಂದಳು.

ಮೇಡಂ ಚಪ್ಪಾಳೆ ತಟ್ಟಿ ನಕ್ಕರು. ನಾನು ಆಗ ಉಸಿರು ಬಿಟ್ಟೆ.

ಮಾರ್ಚ್ ೨೨, ಭಾನುವಾರ

ಇವತ್ತು ಅವಳ ಒಂಟೆಯಜ್ಜ ಪ್ರಸಾರವಾಯಿತು. ನನಗೂ ಕೆಲಸ ಸಿಕ್ಕಿದೆ, ಅಜ್ಜನ ಮೂಗು ರಿಪೇರಿ ಮಾಡುವ ಡಾಕ್ಟರ್ ಕೊಕ್ಕರೆ. ಖಣಖಣ ದನಿ ಅದಕ್ಕೆ ಸರಿಹೋಗುತ್ತದಂತೆ. ನಾಲ್ಕೇ ಮಾತು. ಮುಂದೆ ಏನೋ, ಎಂತೋ, ಅದೊಂದು ಅಳುಕು ಇದ್ದೇ ಇದೆ.

ಬೆಳಿಗ್ಗೆ ತೊಳೆದುಕೊಂಡು ಬಂದೆ. ಅವಳು ಸ್ನಾನ ಮುಗಿಸಿ ಸೋಫಾದಲ್ಲಿ ಕೂತಿದ್ದಳು, ಕೂದಲಿಗೆ ಸೋಪಿನ ಘಮ. ಕಾರ್ಯಕ್ರಮ ಕೇಳಲೇಬೇಕೆಂದು ರೇಡಿಯೋ ಹಚ್ಚಿದವಳು, ಅದು ಶುರುವಾಗುವ ಮೊದಲೇ ನನ್ನ ಭುಜಕ್ಕೆ ತಲೆಯಾನಿಸಿ ನಿದ್ದೆಹೋದಳು. ಎಬ್ಬಿಸಲು ಹೋದವನು ಹಾಗೇ ಕೂತೆ.

ಅವಳು ಗೊರಕೆ ಹೊಡೆಯುತ್ತಾಳೆ. ಜೋರಾಗಿಯೇ. ಇಷ್ಟು ಕಾಲದಲ್ಲಿ ಇದು ನನಗೆ ಗೊತ್ತೇ ಇರಲಿಲ್ಲ, ನನಗಿಂತ ಮೊದಲು ಅವಳು ಎಂದೂ ಮಲಗಿದವಳಲ್ಲ.

ಮೇಲಿನ ಮನೆಯ ಮಕ್ಕಳು ಘೊಳ್ಳೆಂದು ನಗುವುದು ಕೇಳಿಸಿತು. ನಾನು ರೇಡಿಯೋ ಸಣ್ಣ ಮಾಡಿ ಅವಳ ಗೊರಕೆ ಕೇಳುತ್ತಾ ಕೂತೆ. ಅದು ಎಲ್ಲೂ ನಿಲ್ಲಲಿಲ್ಲ.